ಸಿಲಿಂಡರ್ ಚಿಕ್ಕದು, ಅಪಾಯ ಚಿಕ್ಕದಲ್ಲ

ಹಂಡೆ ಒಲೆ ಹೋಗಿ ಗ್ಯಾಸ್ ಗೀಸರ್ ಬಂತು. ಈಗ ಅದಕ್ಕೆ 14.2 ಕಿಲೋ ಸಿಲಿಂಡರ್ ಯಾಕೆ, 5 ಕಿಲೋದ್ದು ಸಾಕು ಅನ್ನುವವರಿದ್ದಾರೆ. ಮೂರನೇ ಮಹಡಿಗೆ ದೊಡ್ಡದನ್ನು ಹೊತ್ತವರ ಸೊಂಟ ಈ ಮಾತನ್ನು ಒಪ್ಪುತ್ತೆ. ಬದಲಾಯಿಸುವುದು ತಪ್ಪಲ್ಲ. ಆದರೆ ದೊಡ್ಡದು ಜಾಗ ಸಾಲದೆ ಹೊರಗಿತ್ತು. ಚಿಕ್ಕದು ಸಲೀಸಾಗಿ ಬಚ್ಚಲುಮನೆ ಒಳಗೇ ಕೂತುಬಿಡುತ್ತೆ. ಎಡವಟ್ಟು ಅಲ್ಲಿದೆ.

ಲೆಕ್ಕ ನೋಡಿ. ನಿಮಿಷಕ್ಕೆ 6 ಲೀಟರ್ ನೀರು ಕಾಯಿಸುವ ಗೀಸರ್ ಗಂಟೆಗೆ ಹತ್ತಿರ ಹತ್ತಿರ ಒಂದು ಕಿಲೋ ಗ್ಯಾಸ್ ನುಂಗುತ್ತೆ. ಒಳಗಿನ ದ್ರವ ಆವಿಯಾಗಲು ಹೊರಗಿನ ಶಾಖ ಬೇಕು. ಚಿಕ್ಕ ಸಿಲಿಂಡರಿನ ಮೈ ಚಿಕ್ಕದು. ಚಳಿಗಾಲದ ಬೆಳಿಗ್ಗೆ ಅದು ತಣ್ಣಗಾಗಿ ಉರಿ ಇಳಿಯುತ್ತೆ. ಆಗ ಮನೆಯವರು ಅದನ್ನು ಅಡ್ಡ ಮಲಗಿಸ್ತಾರೆ, ಮೇಲೆ ಬಿಸಿನೀರು ಹುಯ್ತಾರೆ! ಮಲಗಿಸಿದರೆ ಆವಿಯ ಬದಲು ದ್ರವವೇ ನುಗ್ಗಿ ಬೆಂಕಿ ಭಗ್ಗನೆ ಏಳುತ್ತೆ.

ಇನ್ನು ಹೋಟೆಲ್ ಒಲೆಯ ಹೈ ಪ್ರೆಶರ್ ರೆಗ್ಯುಲೇಟರ್ ಸಿಕ್ಕಿಸುವುದು, ಕಳ್ಳತನದಲ್ಲಿ ಗ್ಯಾಸ್ ತುಂಬಿಕೊಡುವ ಅಂಗಡಿಗೆ ಹೋಗುವುದು ಬೇರೆ. ಅಳತೆ ಮೀರಿ ತುಂಬಿದರೆ ಬಿಸಿಲಿಗೆ ದ್ರವ ಹಿಗ್ಗಲು ಜಾಗವೇ ಇರಲ್ಲ.

ಸೋರಿದ ಗ್ಯಾಸನ್ನು ಮೂಗು ಹಿಡಿಯುತ್ತೆ. ಗಾಳಿ ಸಾಲದೆ ಅರೆಬರೆ ಉರಿದಾಗ ಹುಟ್ಟುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಕಿಟಕಿ ಮುಚ್ಚಿ ಸ್ನಾನಕ್ಕೆ ನಿಂತವರು ಅಲ್ಲೇ ಕುಸಿದ ಸುದ್ದಿ ಪ್ರತಿ ಚಳಿಗಾಲಕ್ಕೂ ಇದ್ದದ್ದೇ. ಸಿಲಿಂಡರ್ ಜೊತೆ ಗೀಸರೂ ಹೊರಗಿರಬೇಕು, ಬಿಸಿನೀರಿನ ಪೈಪಷ್ಟೇ ಒಳಗೆ. ಗೋಡೆ ಕೊರೆಯಲು ಬಿಡದ ಮನೆ ಮಾಲೀಕರು ಬಾಡಿಗೆ ಏರಿಸುವಾಗ ಮಾತ್ರ ಗೀಸರ್ ಹೆಸರು ಹೇಳ್ತಾರೆ.

ಸಿಲಿಂಡರ್ ಬದಲಾಯಿಸಿದ ದಿನ ಜೋಡಣೆಗೆ ಸೋಪಿನ ನೀರು ಹಚ್ಚಿ ನೋಡಿ. ಗುಳ್ಳೆ ಎದ್ದರೆ ರೆಗ್ಯುಲೇಟರ್ ಬಂದ್ ಮಾಡಿ ಏಜೆನ್ಸಿಗೆ ತಿಳಿಸಿ.