ದಸ್ತಾರ್‌ಬಂದಿಯ ಮರುದಿನ

ಶಅಬಾನ್ ತಿಂಗಳು ಬಂತೆಂದರೆ ಮದ್ರಸಗಳ ಅಂಗಳದಲ್ಲಿ ಶಾಮಿಯಾನಗಳು ಏಳುತ್ತವೆ. ವರ್ಷಾನುಗಟ್ಟಲೆ ಮನೆ ಬಿಟ್ಟು, ಚಾಪೆಯ ಮೇಲೆ ಮಲಗಿ, ಫಜ್ರ್‌ಗಿಂತ ಮೊದಲೇ ಎದ್ದು ಕಲಿತ ಹುಡುಗರ ತಲೆಗೆ ಹಿರಿಯ ವಿದ್ವಾಂಸರು ಪೇಟ ಸುತ್ತುತ್ತಾರೆ. ತಂದೆ ಕಣ್ಣೊರೆಸಿಕೊಳ್ಳುತ್ತಾನೆ. ತಾಯಿ ಪರದೆಯ ಆಚೆಯಿಂದ ದುಆ ಮಾಡುತ್ತಾಳೆ. ಆ ಕ್ಷಣದ ಪಾವಿತ್ರ್ಯದ ಬಗ್ಗೆ ಎರಡು ಮಾತಿಲ್ಲ. ಆದರೆ ಶಾಮಿಯಾನ ಬಿಚ್ಚಿದ ಮರುದಿನ ಆ ಹುಡುಗ ಚೀಲ ಹೊತ್ತು ಊರಿನ ಬಸ್ಸು ಹತ್ತುತ್ತಾನಲ್ಲ, ಆಗ ಅವನ ಮುಂದೆ ಏಳುವ ಪ್ರಶ್ನೆಗೆ ಉತ್ತರ ಕೊಡುವವರು ಯಾರು?

ಹಿರಿಯೂರು ತಾಲೂಕಿನ ಯಲ್ಲದಕೆರೆಯ ಕಡೆಯ ತಂದೆಯೊಬ್ಬರು ಈ ಪ್ರಶ್ನೆಯನ್ನು ನಮ್ಮ ಮುಂದಿಟ್ಟರು. "ಹಜ್ರತ್, ಮಗ ಹಾಫಿಝ್ ಆದ, ಆಲಿಮ್ ಕೋರ್ಸನ್ನೂ ಮುಗಿಸಿದ. ಅಲ್ಲಾಹನ ಶುಕ್ರ್. ಆದರೆ ಮೊನ್ನೆ ಬ್ಯಾಂಕಿಗೆ ಹೋದರೆ ಕನ್ನಡದ ಅರ್ಜಿ ತುಂಬಲಿಕ್ಕೆ ಪಕ್ಕದಲ್ಲಿದ್ದ ಹುಡುಗನನ್ನು ಬೇಡಬೇಕಾಯಿತು. ನಮ್ಮ ಊರ ಮಸೀದಿಗೆ ಇಮಾಮರಿದ್ದಾರೆ. ಇವನು ಎಲ್ಲಿಗೆ ಹೋಗಬೇಕು, ನೀವೇ ಹೇಳಿ" ಎಂದರು. ಅವರ ಮಾತಿನಲ್ಲಿ ದೂರು ಇರಲಿಲ್ಲ, ಸಂಕೋಚವಿತ್ತು. ದೀನಿನ ವಿದ್ಯೆ ಕಲಿತವನ ಅನ್ನದ ಬಗ್ಗೆ ಕೇಳುವುದೇ ಪಾಪವೇನೋ ಎಂಬ ಅಳುಕಿತ್ತು. ಈ ಅಳುಕನ್ನು ಮೊದಲು ನಿವಾರಿಸಬೇಕಾಗಿದೆ.

ಈ ವಿಷಯ ಬಂದಾಗ ಎರಡು ಬಗೆಯ ಉತ್ತರಗಳು ಸಿದ್ಧವಾಗಿರುತ್ತವೆ. ಮದ್ರಸಗಳೇ ಸಮುದಾಯದ ಹಿಂದುಳಿದಿರುವಿಕೆಗೆ ಕಾರಣ, ಅವನ್ನು ಮುಚ್ಚಿದರೆ ಎಲ್ಲವೂ ಸರಿಯಾಗುತ್ತದೆ ಎಂಬುದು ಒಂದು. ಇದು ಸುಳ್ಳು. 2006ರ ನವೆಂಬರ್‌ನಲ್ಲಿ ಪ್ರಧಾನಿಗೆ ವರದಿ ಸಲ್ಲಿಸಿದ ಸಾಚಾರ್ ಸಮಿತಿಯ ಪ್ರಕಾರ, ಶಾಲಾ ವಯಸ್ಸಿನ ಮುಸ್ಲಿಮ್ ಮಕ್ಕಳ ಪೈಕಿ ಮದ್ರಸಗಳಲ್ಲಿ ಓದುವವರು ಶೇಕಡಾ 3ರಿಂದ 4ರಷ್ಟು ಮಾತ್ರ. ಉಳಿದ ಮಕ್ಕಳ ಹಿಂದುಳಿದಿರುವಿಕೆಗೆ ಮದ್ರಸಗಳನ್ನು ಹೊಣೆಯಾಗಿಸುವುದು ಹೇಗೆ? ಇನ್ನೊಂದು ಉತ್ತರ, ರಿಝ್ಕ್ ಅಲ್ಲಾಹನ ಕೈಯಲ್ಲಿದೆ, ಆ ಬಗ್ಗೆ ಚಿಂತಿಸುವುದು ತವಕ್ಕುಲ್‌ಗೆ ವಿರುದ್ಧ ಎಂಬುದು. ಇದು ಸುಳ್ಳಲ್ಲ, ಆದರೆ ಅರ್ಧ ಸತ್ಯ. ಒಂಟೆಯನ್ನು ಕಟ್ಟಿಹಾಕಿ ಆಮೇಲೆ ಭರವಸೆಯಿಡು ಎಂಬ ಬೋಧನೆಯನ್ನು ಮಿಂಬರಿನಿಂದ ಕೇಳಿಸುವವರೇ, ತಮ್ಮ ಶಿಷ್ಯರ ವಿಷಯದಲ್ಲಿ ಹಗ್ಗವನ್ನೇ ಮರೆತುಬಿಟ್ಟರೆ ಹೇಗೆ? ಶೇಕಡಾ 3 ಅಥವಾ 4 ಎಂಬುದು ಅಂಕಿಯಾಗಿ ಚಿಕ್ಕದು. ಆದರೆ ಆ ಚಿಕ್ಕ ಅಂಕಿಯೊಳಗೆ ಇರುವವರು ಬಹುಪಾಲು ನಮ್ಮ ಬಡ ಮನೆಗಳ ಮಕ್ಕಳು.

ಇತಿಹಾಸದತ್ತ ಒಮ್ಮೆ ನೋಡೋಣ. ಇಂದಿಗೂ ನಮ್ಮ ಹೆಚ್ಚಿನ ಮದ್ರಸಗಳ ತಳಹದಿಯಾಗಿರುವ 'ದರ್ಸೆ ನಿಝಾಮಿ' ಪಠ್ಯಕ್ರಮವನ್ನು ರೂಪಿಸಿದವರು 18ನೇ ಶತಮಾನದಲ್ಲಿ ಲಕ್ನೋದ ಫರಂಗಿ ಮಹಲಿನಲ್ಲಿದ್ದ ಮುಲ್ಲಾ ನಿಝಾಮುದ್ದೀನ್ ಸಿಹಾಲ್ವಿ. 1748ರಲ್ಲಿ ನಿಧನರಾದ ಅವರು ಅದರಲ್ಲಿ ಅರಬಿ ವ್ಯಾಕರಣ, ಫಿಕ್ಹ್‌ಗಳ ಜೊತೆಗೆ ತರ್ಕ, ತತ್ತ್ವಶಾಸ್ತ್ರ, ಗಣಿತಗಳನ್ನೂ ಸೇರಿಸಿದ್ದರು. ಅದನ್ನು ಮುಗಿಸಿದವನು ಖಾಝಿಯಾಗುತ್ತಿದ್ದ, ಮುಫ್ತಿಯಾಗುತ್ತಿದ್ದ, ದರ್ಬಾರಿನ ಅಧಿಕಾರಿಯಾಗುತ್ತಿದ್ದ. ಅಂದರೆ ಅದು ಅಂದಿನ ಕಾಲದ ಉದ್ಯೋಗ ಶಿಕ್ಷಣವೂ ಆಗಿತ್ತು. 1837ರಲ್ಲಿ ಬ್ರಿಟಿಷರು ಕಚೇರಿಗಳಿಂದ ಪಾರ್ಸಿಯನ್ನು ಹೊರಹಾಕಿದರು. 1864ರಲ್ಲಿ ಕಾನೂನು ತಂದು ಸರಕಾರಿ ಖಾಝಿ ಹುದ್ದೆಗಳನ್ನು ರದ್ದುಪಡಿಸಿದರು. ಎರಡೇ ವರ್ಷಗಳ ಬಳಿಕ, 1866ರಲ್ಲಿ, ದೇವ್‌ಬಂದ್‌ನ ದಾರುಲ್ ಉಲೂಮ್ ಆರಂಭವಾಯಿತು. ಉದ್ಯೋಗದ ಬಾಗಿಲು ಮುಚ್ಚಿದ ಹೊತ್ತಿನಲ್ಲಿ ದೀನನ್ನು ಉಳಿಸಿಕೊಳ್ಳಲು, ಜನರ ಚಂದಾದಿಂದಲೇ ನಡೆಯುವ ಸಂಸ್ಥೆಗಳನ್ನು ಆ ಹಿರಿಯರು ಕಟ್ಟಿದರು. ಅವರ ಋಣ ನಮ್ಮ ಮೇಲಿದೆ. ಆದರೆ ಪಠ್ಯಕ್ರಮವೆಂಬುದು ವಹ್ಯ್ ಅಲ್ಲ, ಮನುಷ್ಯರು ಕಾಲಕ್ಕೆ ತಕ್ಕಂತೆ ರೂಪಿಸಿಕೊಂಡ ಏರ್ಪಾಡು. ಕಾಲಕ್ಕೆ ತಕ್ಕಂತೆ ಅದನ್ನು ತಿದ್ದುವುದು ಆ ಹಿರಿಯರಿಗೆ ಮಾಡುವ ಅವಮಾನವಲ್ಲ, ಅವರ ಅನುಕರಣೆ.

ಅಷ್ಟಕ್ಕೂ, ದೀನಿ ವಿದ್ವಾಂಸನೆಂದರೆ ಜನರ ಚಂದಾದಲ್ಲಿ ಬದುಕುವವನು ಎಂಬ ಕಲ್ಪನೆ ಇಸ್ಲಾಮೀ ಪರಂಪರೆಗೆ ಹೊಸತು. ಇಮಾಮ್ ಅಬೂ ಹನೀಫಾ ಕೂಫಾದ ಜವಳಿ ವ್ಯಾಪಾರಿಯಾಗಿದ್ದರು. ಹನಫೀ, ಶಾಫಿಈ ಗ್ರಂಥಗಳಲ್ಲಿ ಬರುವ ದೊಡ್ಡ ಹೆಸರುಗಳನ್ನೇ ನೋಡಿ. ಖಸ್ಸಾಫ್ ಎಂದರೆ ಚಪ್ಪಲಿ ಹೊಲಿಯುವವನು, ಕಫ್ಫಾಲ್ ಎಂದರೆ ಬೀಗ ಮಾಡುವವನು, ಹಲ್ವಾನಿ ಎಂದರೆ ಸಿಹಿತಿಂಡಿ ಮಾರುವವನು, ಜಸ್ಸಾಸ್ ಎಂದರೆ ಗಾರೆ ಕೆಲಸದವನು. ಈ ಹೆಸರುಗಳನ್ನು ಅಂಟಿಸಿಕೊಂಡು ನಡೆಯಲು ಆ ಇಮಾಮರು ನಾಚಲಿಲ್ಲ. ಪ್ರವಾದಿ ದಾವೂದ್(ಅ) ಅರಸರಾಗಿದ್ದೂ ಕಬ್ಬಿಣದ ಕವಚ ತಯಾರಿಸಿ ಸ್ವಂತ ದುಡಿಮೆಯಲ್ಲಿ ಉಂಡವರು. ಹೀಗಿರುವಾಗ, ಆಲಿಮನೊಬ್ಬ ಎಲೆಕ್ಟ್ರೀಷಿಯನ್ ಆದರೆ, ತೆಂಗಿನಕಾಯಿ ವ್ಯಾಪಾರ ಮಾಡಿದರೆ ನಮ್ಮ ಊರುಗಳಲ್ಲಿ ಮೂಗು ಮುರಿಯುವುದೇಕೆ?

ಇನ್ನು ಇಮಾಮತ್ ಕೆಲಸದ ಸ್ಥಿತಿ ಹೇಗಿದೆ? ಇಮಾಮರಿಗೆ ವೇತನ ನೀಡುವುದು ವಕ್ಫ್ ಮಂಡಳಿಗಳ ಹೊಣೆ ಎಂದು ಸುಪ್ರೀಮ್ ಕೋರ್ಟು 1993ರ ಮೇ ತಿಂಗಳಲ್ಲೇ ತೀರ್ಪು ನೀಡಿತ್ತು. ನಮ್ಮ ರಾಜ್ಯದ 2025ರ ಬಜೆಟ್‌ನಲ್ಲಿ ಇಮಾಮರ ಮಾಸಿಕ ಗೌರವಧನವನ್ನು 6,000 ರೂಪಾಯಿಗೂ ಮುಅಝ್ಝಿನರದ್ದನ್ನು 5,000 ರೂಪಾಯಿಗೂ ಏರಿಸುವುದಾಗಿ ಘೋಷಿಸಲಾಯಿತು. ಇದನ್ನೇ ಕೆಲವರು ಓಲೈಕೆಯೆಂದು ಬೊಬ್ಬಿಟ್ಟರು. ಜೈನ ಅರ್ಚಕರಿಗೆ, ಸಿಖ್ ಗ್ರಂಥಿಗಳಿಗೆ ಅದೇ ಸಾಲಿನಲ್ಲಿ ಏರಿಕೆಯಾದದ್ದನ್ನು ಅವರು ಓದಲೇ ಇಲ್ಲ. ಅದಿರಲಿ, ಈ ಮೊತ್ತವನ್ನು ಲೆಕ್ಕ ಹಾಕಿ. 2025-26ನೇ ಸಾಲಿಗೆ ಕರ್ನಾಟಕದಲ್ಲಿ ಉದ್ಯೋಗ ಖಾತ್ರಿಯ ದಿನಗೂಲಿ 370 ರೂಪಾಯಿ ಎಂದು ನಿಗದಿಯಾಗಿತ್ತು. ಹದಿನೇಳು ದಿನ ಗುದ್ದಲಿ ಹಿಡಿದವನಿಗೆ 6,290 ರೂಪಾಯಿ. ತಿಂಗಳಿಡೀ ದಿನಕ್ಕೆ ಐದು ಬಾರಿ ಸಮುದಾಯದ ಮುಂದೆ ನಿಲ್ಲುವವನಿಗೆ ಸಿಗುವ ಗೌರವಧನ ಅದಕ್ಕಿಂತ ಕಡಿಮೆ. ಇದಕ್ಕೆ ಜಮಾಅತ್‌ನವರು ಸೇರಿಸುವ ಮೊತ್ತವಾದರೂ ಎಷ್ಟು? ಮಿನಾರಕ್ಕೆ, ಅಮೃತಶಿಲೆಗೆ, ಝೂಮರಿಗೆ ಲಕ್ಷಗಳನ್ನು ಸುರಿಯುವ ಸಮಿತಿಯು ಇಮಾಮರು ಐನೂರು ರೂಪಾಯಿ ಹೆಚ್ಚು ಕೇಳಿದರೆ ಮೂರು ಸಭೆ ನಡೆಸುತ್ತದೆ. ಇದರ ಹೊಣೆಯನ್ನು ಯಾವ ಸರಕಾರದ ಮೇಲೆ ಹೊರಿಸೋಣ?

ಸರಕಾರಗಳೂ ನಿರಪರಾಧಿಗಳಲ್ಲ. ಮದ್ರಸ ಪ್ರಮಾಣ ಪತ್ರಗಳಿಗೆ ತತ್ಸಮಾನ ಮಾನ್ಯತೆ ನೀಡಿ ಮುಂದಿನ ಶಿಕ್ಷಣಕ್ಕೂ ಸ್ಪರ್ಧಾತ್ಮಕ ಪರೀಕ್ಷೆಗಳಿಗೂ ದಾರಿ ತೆರೆಯಿರಿ ಎಂದು ಸಾಚಾರ್ ಸಮಿತಿ ಹೇಳಿತ್ತು. ಬದಲಿಗೆ ನಡೆದದ್ದೇನು? ಅಸ್ಸಾಮ್ 2020ರಲ್ಲಿ ಕಾನೂನು ಮಾಡಿ ಸರಕಾರಿ ಮದ್ರಸಗಳನ್ನು ಸಾಮಾನ್ಯ ಶಾಲೆಗಳಾಗಿ ಪರಿವರ್ತಿಸಿತು. ಉತ್ತರ ಪ್ರದೇಶ 2022ರಲ್ಲಿ ಮಾನ್ಯತೆಯಿಲ್ಲದ ಮದ್ರಸಗಳ ಸಮೀಕ್ಷೆ ನಡೆಸಿತು. ಅಲ್ಲಿನ ಮದ್ರಸ ಶಿಕ್ಷಣ ಕಾಯ್ದೆಯನ್ನು 2024ರ ಮಾರ್ಚ್‌ನಲ್ಲಿ ಅಲಹಾಬಾದ್ ಹೈಕೋರ್ಟು ರದ್ದುಪಡಿಸಿತು. ಅದೇ ವರ್ಷ ನವೆಂಬರ್ 5ರಂದು ಸುಪ್ರೀಮ್ ಕೋರ್ಟು ಆ ತೀರ್ಪನ್ನು ಬದಿಗೆ ಸರಿಸಿ ಕಾಯ್ದೆಯನ್ನು ಎತ್ತಿಹಿಡಿಯಿತು. ಮದ್ರಸಗಳ ಶತ್ರುಗಳಿಗೆ ಇದು ಸೋಲು ನಿಜ. ಆದರೆ ಅದೇ ತೀರ್ಪಿನಲ್ಲಿ ನಾವು ಓದದೆ ಬಿಟ್ಟ ಭಾಗವೊಂದಿದೆ. ಕಾಮಿಲ್ ಮತ್ತು ಫಾಝಿಲ್ ಪದವಿಗಳನ್ನು ನೀಡುವ ಅಧಿಕಾರ ಮದ್ರಸ ಮಂಡಳಿಗಿಲ್ಲ, ಅದು ಯುಜಿಸಿ ಕಾಯ್ದೆಗೆ ವಿರುದ್ಧ ಎಂದೂ ಕೋರ್ಟು ಹೇಳಿದೆ. ಮಂಡಳಿಯಿರುವ ರಾಜ್ಯದ ಪದವಿಗೇ ಈ ಗತಿಯಾದರೆ, ಖಾಸಗಿ ಮದ್ರಸಗಳ ಸನದಿನ ಬಲವೆಷ್ಟು? ಕೆಲವು ವಿಶ್ವವಿದ್ಯಾಲಯಗಳು ಕೆಲವು ಮದ್ರಸಗಳ ಸನದನ್ನು ಪ್ರವೇಶಕ್ಕಾಗಿ ಒಪ್ಪುತ್ತವೆ. ಆದರೆ ತಾಲೂಕು ಕಚೇರಿಯ ಗುಮಾಸ್ತನ ಹುದ್ದೆಯಿಂದ ಹಿಡಿದು ಐಟಿಐ ಸೀಟಿನವರೆಗೆ ಮೊದಲು ಕೇಳುವುದು ಎಸ್ಸೆಸ್ಸೆಲ್ಸಿ ಅಂಕಪಟ್ಟಿಯನ್ನು.

ಆದ್ದರಿಂದ ಬೀಗವಿರುವುದು ಎಸ್ಸೆಸ್ಸೆಲ್ಸಿಯಲ್ಲಿ. ಸಂತೋಷದ ಸಂಗತಿಯೆಂದರೆ, ಈ ಬೀಗಕ್ಕೆ ಕೀಲಿಕೈ ಇದೆ. ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ಹತ್ತನೇ ತರಗತಿಯ ಪರೀಕ್ಷೆಗೆ ಶಾಲೆಯ ಮೆಟ್ಟಿಲು ಹತ್ತದವನೂ ಹದಿನಾಲ್ಕು ತುಂಬಿದ ಬಳಿಕ ನೋಂದಾಯಿಸಿಕೊಳ್ಳಬಹುದು. ಈ ಸಂಸ್ಥೆಯ ಮೂಲಕ ಮದ್ರಸ ವಿದ್ಯಾರ್ಥಿಗಳು ಪರೀಕ್ಷೆ ಬರೆಯಲು ಅನುಕೂಲ ಕಲ್ಪಿಸುವುದಾಗಿ ರಾಜ್ಯ ಸರಕಾರವೂ 2025ರ ಬಜೆಟ್‌ನಲ್ಲಿ ಹೇಳಿದೆ. ಬೀದರ್‌ನ ಶಾಹೀನ್ ಸಂಸ್ಥೆಯತ್ತ ನೋಡಿ. 1989ರಲ್ಲಿ ಸಣ್ಣದಾಗಿ ಆರಂಭವಾದ ಈ ಸಂಸ್ಥೆ, ಶಾಲೆಯನ್ನೇ ಕಾಣದ ಹಾಫಿಝ್‌ಗಳಿಗೆ ಕನ್ನಡ, ಇಂಗ್ಲಿಷ್, ಗಣಿತಗಳ ಅಡಿಪಾಯ ಹಾಕಿ, ಹತ್ತನೇ ತರಗತಿ ದಾಟಿಸಿ, ವೈದ್ಯಕೀಯ ಪ್ರವೇಶ ಪರೀಕ್ಷೆಯವರೆಗೆ ಕೊಂಡೊಯ್ದಿದೆ. ಅಲ್ಲಿಂದ ಹೊರಟ ಹಾಫಿಝ್‌ಗಳು ಎಂಬಿಬಿಎಸ್ ಓದಿದ್ದಾರೆ. ಆರು ಸಾವಿರಕ್ಕೂ ಮಿಕ್ಕಿದ ಆಯತ್‌ಗಳನ್ನು ನೆನಪಿಟ್ಟ ತಲೆಗೆ ಜೀವಶಾಸ್ತ್ರ ಹಿಡಿಸದೆ? ಅಲೀಗಢ ಮುಸ್ಲಿಮ್ ವಿಶ್ವವಿದ್ಯಾಲಯ 2013ರಲ್ಲಿ ಮದ್ರಸ ಪದವೀಧರರಿಗಾಗಿ ಬ್ರಿಜ್ ಕೋರ್ಸ್ ಆರಂಭಿಸಿತು. 1986ರಲ್ಲಿ ಆರಂಭವಾದ ಕೇರಳದ ಚೆಮ್ಮಾಡಿನ ದಾರುಲ್ ಹುದಾದಲ್ಲಿ ಧಾರ್ಮಿಕ ಪದವಿ ಮತ್ತು ವಿಶ್ವವಿದ್ಯಾಲಯದ ಪದವಿ ಜೊತೆಯಾಗಿ ಸಾಗುತ್ತವೆ. ನಮ್ಮ ಕರಾವಳಿಯಲ್ಲಿ ಮಕ್ಕಳು ಬೆಳಗ್ಗೆ ಮದ್ರಸಕ್ಕೂ ಬಳಿಕ ಶಾಲೆಗೂ ಹೋಗುವುದು ಎಂದಿನಿಂದಲೋ ನಡೆದು ಬಂದ ಕ್ರಮ. ಬಯಲುಸೀಮೆಗೆ ಮಾತ್ರ ಇದು ಅಸಾಧ್ಯವೇ?

ದೇವ್‌ಬಂದ್‌ನಲ್ಲಿ ಓದಿದ ವಸೀಮುರ್ರಹ್ಮಾನ್ 2008ರ ನಾಗರಿಕ ಸೇವಾ ಪರೀಕ್ಷೆಯಲ್ಲಿ ಉತ್ತೀರ್ಣರಾದರು. ಮುಬಾರಕ್‌ಪುರದ ಅಶ್ರಫಿಯಾದಲ್ಲಿ ಓದಿದ ಶಾಹಿದ್ ರಝಾ ಖಾನ್ 2018ರ ಪರೀಕ್ಷೆಯಲ್ಲಿ 751ನೇ ರ‍್ಯಾಂಕ್ ಪಡೆದರು. ಇವರ ಬಗ್ಗೆ ಹೆಮ್ಮೆಪಡೋಣ. ಹಾಗಂತ ಎಲ್ಲ ಆಲಿಮರೂ ಐಎಎಸ್ ಆಗಬೇಕಾಗಿಲ್ಲ, ಆಗುವುದೂ ಇಲ್ಲ. ಸಮುದಾಯಕ್ಕೆ ಬೇಕಾದುದು ಸಾಧಾರಣ ಹುಡುಗನ ಸಾಧಾರಣ ದಾರಿ. ಎಸ್ಸೆಸ್ಸೆಲ್ಸಿ, ಪಿಯುಸಿ ದಾಟಿ ಡಿ.ಎಡ್ ಅಥವಾ ಬಿ.ಎಡ್ ಮಾಡಿದ ಆಲಿಮ್ ಉರ್ದು ಶಾಲೆಯ ಶಿಕ್ಷಕನಾಗಬಹುದು. ಕೊಲ್ಲಿ ರಾಷ್ಟ್ರಗಳಿಂದ ರೋಗಿಗಳು ಬರುವ ಬೆಂಗಳೂರಿನ ಆಸ್ಪತ್ರೆಗಳಿಗೆ ಅರಬಿ ಮಾತಾಡಬಲ್ಲ ದುಭಾಷಿಗಳು ಬೇಕು. ಭಾಷಾಂತರ, ಪತ್ರಿಕೋದ್ಯಮ, ಕಾನೂನು, ಹಜ್-ಉಮ್ರಾ ಸೇವೆ, ಕೌಟುಂಬಿಕ ಸಲಹೆ, ಸ್ವಂತ ವ್ಯಾಪಾರ ಹೀಗೆ ದಾರಿಗಳು ಹಲವಿವೆ. ನಾವೂ ಆ ಚಾಪೆಯಿಂದಲೇ ಎದ್ದು ಬಂದವರು, ಬಳಿಕ ಕಲಾ ಪದವಿಯ ಬೆಂಚಿನಲ್ಲಿ ಕುಳಿತವರು. ಮದ್ರಸದಲ್ಲಿ ಕಲಿತ ಅರಬಿ ವ್ಯಾಕರಣ ನಮಗೆ ಕಾಲೇಜಿನಲ್ಲಿ ಭಾರವಾಗಲಿಲ್ಲ, ಆಸರೆಯಾಯಿತು. ಭಾರವಾದದ್ದು ತಡವಾಗಿ ಕಲಿತ ಕನ್ನಡ.

ಹೌದು, ಕನ್ನಡ. ಈ ಮಾತನ್ನು ಒತ್ತಿ ಹೇಳಬೇಕಾಗಿದೆ. ಉರ್ದು ನಮ್ಮ ಮನೆಮಾತು, ಅರಬಿ ನಮ್ಮ ದೀನಿನ ಭಾಷೆ. ಆದರೆ ಪಹಣಿ, ಪಡಿತರ ಚೀಟಿ, ಠಾಣೆಯ ದೂರು, ಗ್ರಾಮಸಭೆಯ ನಡಾವಳಿ ಎಲ್ಲವೂ ಇರುವುದು ಕನ್ನಡದಲ್ಲಿ. ರಾಜ್ಯ ಲೋಕಸೇವಾ ಆಯೋಗದ ನೇಮಕಾತಿಗೆ ಕನ್ನಡ ಪರೀಕ್ಷೆ ಕಡ್ಡಾಯ. ನೆರೆಮನೆಯ ಗೌಡರಿಗೆ, ಶಾಲೆಯ ಮೇಷ್ಟ್ರಿಗೆ ಇಸ್ಲಾಮ್ ಏನೆಂದು ಹೇಳಬೇಕಾದುದೂ ಕನ್ನಡದಲ್ಲೇ. ಕನ್ನಡ ಬಲ್ಲ ಇಮಾಮರು ಊರಿನಲ್ಲಿ ಗೊಂದಲವೆದ್ದಾಗ ಪೊಲೀಸ್ ಠಾಣೆಯ ಶಾಂತಿ ಸಭೆಯಲ್ಲಿ ಎದ್ದು ನಿಂತು ಎರಡು ಮಾತಾಡಬಲ್ಲರು. ಕನ್ನಡ ಬಾರದವರು ತಮ್ಮ ಮೇಲೆ ಹೊರಿಸಿದ ಸುಳ್ಳಿಗೂ ಇನ್ನೊಬ್ಬರಿಂದ ಉತ್ತರ ಕೊಡಿಸಬೇಕಾಗುತ್ತದೆ.

ಹಾಗಾದರೆ ಮಾಡಬೇಕಾದುದೇನು? ಮದ್ರಸದ ಹೊಣೆಗಾರರು ಆಲಿಮ್ ಕೋರ್ಸು ಮುಗಿಯುವುದರೊಳಗೆ ಪ್ರತಿಯೊಬ್ಬ ವಿದ್ಯಾರ್ಥಿಯೂ ಹತ್ತನೇ ತರಗತಿ ದಾಟುವಂತೆ ದಿನಕ್ಕೆರಡು ಗಂಟೆ ಮೀಸಲಿಡಲಿ. ಆಲಿಮಾ ಕೋರ್ಸಿನ ಹೆಣ್ಣು ಮಕ್ಕಳಿಗೂ ಇದು ಅನ್ವಯವಾಗಲಿ. ಅವರ ಶಿಕ್ಷಣ ಮದುವೆಯ ಅರ್ಹತಾಪತ್ರವಾಗಿ ಮುಗಿಯಬಾರದು. ವಕ್ಫ್ ಮಳಿಗೆಗಳ ಬಾಡಿಗೆಯನ್ನು ಹಳೆಯ ದರದಲ್ಲೇ ಬಿಟ್ಟುಕೊಟ್ಟಿರುವ ಸಮಿತಿಗಳು ಅದನ್ನು ಪರಿಷ್ಕರಿಸಿ ಇಮಾಮರ ವೇತನಕ್ಕೆ ಸೇರಿಸಲಿ. ಮಗನನ್ನು ಸೇರಿಸುವ ಮುನ್ನ ಹೆತ್ತವರು, ಇಲ್ಲಿ ಎಸ್ಸೆಸ್ಸೆಲ್ಸಿ ಇದೆಯೇ, ಕನ್ನಡ ಕಲಿಸುತ್ತೀರಾ ಎಂದು ಧೈರ್ಯದಿಂದ ಕೇಳಲಿ. ಇದು ಬೇಅದಬಿಯಲ್ಲ, ಅಮಾನತಿನ ಲೆಕ್ಕ.

ಹಿರಿಯೂರಿನ ಜನರಿಗೆ ಒಂದು ಸತ್ಯ ಚೆನ್ನಾಗಿ ಗೊತ್ತು. 89 ವರ್ಷಗಳ ಬಳಿಕ 2022ರಲ್ಲಿ ವಾಣಿ ವಿಲಾಸ ಸಾಗರ ಕೋಡಿ ಹರಿದಾಗ ಜನ ಹಬ್ಬ ಮಾಡಿದರು. ಆದರೆ ಅಣೆಕಟ್ಟು ತುಂಬಿದ ಮಾತ್ರಕ್ಕೆ ಹೊಲ ಹಸಿರಾಗುವುದಿಲ್ಲ, ನೀರು ಹೊಲ ಮುಟ್ಟಲು ಕಾಲುವೆ ಬೇಕು. ನಮ್ಮ ಮಕ್ಕಳ ಎದೆಯಲ್ಲಿ ವಿದ್ಯೆ ತುಂಬಿದೆ. ಕಾಲುವೆ ತೋಡದೆ ಬಿಟ್ಟವರು ನಾವು. ಮುಂದಿನ ಶಅಬಾನ್‌ನಲ್ಲಿ ಮತ್ತೆ ಶಾಮಿಯಾನ ಏಳುತ್ತದೆ, ಮತ್ತೊಬ್ಬ ತಂದೆ ಕಣ್ಣೊರೆಸಿಕೊಳ್ಳುತ್ತಾನೆ. ಮರುದಿನ ಆತ ನಮ್ಮೆದುರು ಸಂಕೋಚದಿಂದ ನಿಲ್ಲುವಂತಾದರೆ, ತಲೆ ತಗ್ಗಿಸಬೇಕಾದವರು ಆತನಲ್ಲ.