ಕಣ್ಣೇ ಕಾಣದ ಚಾಂಪಿಯನ್

ಮೊದಲೇ ಒಂದು ವಿಷಯ ಕ್ಲಿಯರ್ ಮಾಡಿಬಿಡ್ತೀನಿ. ಬೆಂಗಳೂರಿನ ರಸೆಲ್ ಮಾರ್ಕೆಟ್ ಹತ್ತಿರ, ನಮ್ಮೂರ ಸಂತೆಗಳಲ್ಲಿ, ಹಸಿರು, ನೀಲಿ, ಹಳದಿ ಬಣ್ಣದ ಪುಟಾಣಿ ಗಿಳಿಗಳನ್ನ ‘ಲವ್ ಬರ್ಡ್ಸ್’ ಅಂತ ಮಾರ್ತಾರಲ್ಲ, ಅವು ಲವ್ ಬರ್ಡ್ಸ್ ಅಲ್ಲ. ನಿಜವಾದ ಲವ್ ಬರ್ಡ್ ಆಫ್ರಿಕಾದ್ದು. ಇವು ಆಸ್ಟ್ರೇಲಿಯಾದ ಒಣ ಬಯಲುಗಳ ಬಡ್ಜರಿಗರ್, ಚಿಕ್ಕದಾಗಿ ಬಡ್ಜಿ. (ಬಜ್ಜಿ ಅಲ್ಲ. ಕ್ಯಾಂಟೀನ್ ನೆನಪಾದವರು ಐದು ನಿಮಿಷ ತಡ್ಕೊಳ್ಳಿ.) ನಮ್ಮ ಕಡೆ ಬಡ್ಜಿ ಸಾಕೋದು ಅಂದ್ರೆ ಒಂದು ಪಂಜರ, ಅದರೊಳಗೆ ಕಟ್ಟಿದ ಮಣ್ಣಿನ ಕುಡಿಕೆ, ಒಂದು ಹಿಡಿ ನವಣೆ. ನಮ್ಮ ಸೋದರಮಾವನ ಮನೆ ಹಿತ್ತಲಲ್ಲಿ ಇದ್ದದ್ದೂ ಅಷ್ಟೇ. ಮರಿಯಾದ್ರೆ ಖುಷಿ, ಪಕ್ಕದ ಮನೆಯವರು ಕೇಳಿದ್ರೆ ಒಂದು ಜೋಡಿ ಕೊಡೋದು, ಮುಗೀತು.

ಇಂಗ್ಲೆಂಡಿನಲ್ಲಿ ಇದೇ ಹಕ್ಕಿಗಾಗಿ ಇಡೀ ಜೀವಮಾನ ಕೊಡುವ ಜನ ಇದ್ದಾರೆ. ಹಕ್ಕಿತಜ್ಞ ಜಾನ್ ಗೌಲ್ಡ್ 1840ರಲ್ಲಿ ಆಸ್ಟ್ರೇಲಿಯಾದಿಂದ ಜೀವಂತ ಬಡ್ಜಿಗಳನ್ನ ಅಲ್ಲಿಗೆ ತಂದ. 1925ರಲ್ಲಿ ಬಡ್ಜರಿಗರ್ ಕ್ಲಬ್ ಹುಟ್ಟಿತು, ಈಗ ಅದರ ಹೆಸರು ಬಡ್ಜರಿಗರ್ ಸೊಸೈಟಿ. ಗಣಿ ಕೆಲಸದವರು, ಫ್ಯಾಕ್ಟರಿ ಕೆಲಸದವರು ಹಿತ್ತಲಲ್ಲಿ ಶೆಡ್ ಹಾಕಿ, ಹತ್ತನೇ ವಯಸ್ಸಿಗೆ ಶುರು ಮಾಡಿ ಎಪ್ಪತ್ತು ದಾಟಿದರೂ ಬಿಡದೆ ಹಕ್ಕಿ ಬೆಳೆಸಿ, ಪ್ರದರ್ಶನಕ್ಕೆ ಒಯ್ದು, ಒಂದು ರಿಬ್ಬನ್ ಹೂವಿಗಾಗಿ ಕಾದು ಕೂರ್ತಾರೆ. ನಮ್ಮಲ್ಲಿ ಇದನ್ನ ಕೇಳಿದವರು ‘ಇದೇನು ಹುಚ್ಚು’ ಅಂತ ನಗಬಹುದು. ನನಗೆ ನಗು ಬರಲ್ಲ, ಹೊಟ್ಟೆಕಿಚ್ಚು ಬರುತ್ತೆ. ರೆಸ್ಯೂಮೆಯಲ್ಲಿ ಹಾಕೋಕೆ ಆಗದ ಯಾವುದನ್ನೂ ನಾವು ಎರಡು ಸೆಮಿಸ್ಟರ್‌ಗಿಂತ ಹೆಚ್ಚು ಕಾಲ ಮಾಡಲ್ಲ.

ಈ ಹವ್ಯಾಸದ ಲೆಕ್ಕಾಚಾರ ನೋಡಿ. ಹೆಣ್ಣು ದಿನ ಬಿಟ್ಟು ದಿನ ಮೊಟ್ಟೆ ಇಡುತ್ತೆ. ಸುಮಾರು 18 ದಿನ ಕಾವು. ಮರಿ ಗೂಡು ಬಿಟ್ಟು ಹೊರಬರೋಕೆ ಇನ್ನೊಂದು ಐದು ವಾರ. ಆಮೇಲೆ ಅದು ಬಲಿತು, ಹೇಗಿದೆ ಅಂತ ತೀರ್ಮಾನಿಸಿ, ಅದಕ್ಕೊಂದು ಜೋಡಿ ಹುಡುಕಬೇಕು. ಅಂದ್ರೆ ನೀವು ತಗೊಂಡ ಒಂದು ನಿರ್ಧಾರದ ಫಲ ಗೊತ್ತಾಗೋಕೆ ಹತ್ತಿರ ಹತ್ತಿರ ಒಂದು ವರ್ಷ. ಹದಿನೈದಕ್ಕೆ ಶುರು ಮಾಡಿ ಎಪ್ಪತ್ತೈದರವರೆಗೆ ಬದುಕಿದವನಿಗೆ ಸಿಗೋದು ಅರವತ್ತು ಪ್ರಯತ್ನ. ನಮ್ಮ ಕೋಡ್‌ನಲ್ಲಿ ಲೂಪ್ ಅರವತ್ತು ಸಲ ಓಡೋದು ಕಣ್ಣು ಮಿಟುಕಿಸೋದ್ರೊಳಗೆ ಮುಗಿಯುತ್ತೆ.

ಇನ್ನು ಬಣ್ಣದ ವಿಷಯ. ಕಾಡಿನ ಬಡ್ಜಿ ಹಸಿರು. ಗರಿಯ ಒಳರಚನೆಯೇ ಬೆಳಕನ್ನ ಚದುರಿಸಿ ನೀಲಿ ತೋರಿಸುತ್ತೆ, ಅದರ ಮೇಲೆ ಹಳದಿ ವರ್ಣದ್ರವ್ಯ ಸೇರಿದಾಗ ಹಸಿರು. ಹಳದಿ ತಯಾರಾಗೋದು ನಿಂತ್ರೆ ಉಳಿಯೋದು ನೀಲಿ. ಇದರ ಹಿಂದೆ ಇರೋದು ಒಂದೇ ಕಿಣ್ವ, ಅದರಲ್ಲಿ ಬದಲಾದ ಒಂದೇ ಅಮೈನೋ ಆಮ್ಲ ಅಂತ 2017ರಲ್ಲಿ ಸಂಶೋಧಕರು ತೋರಿಸಿಕೊಟ್ರು. ಆದರೆ ನೀಲಿಯನ್ನ ಹೇಗೆ ಪಡೆಯೋದು ಅಂತ ಶೆಡ್‌ನವರಿಗೆ ಅದಕ್ಕೂ ಎಷ್ಟೋ ಮೊದಲೇ ಗೊತ್ತಿತ್ತು. ಹಸಿರಿಗೆ ನೀಲಿ ಜೋಡಿ ಮಾಡಿದ್ರೆ ಮರಿಗಳೆಲ್ಲ ಹಸಿರು, ಆ ಮರಿಗಳನ್ನೇ ತಮ್ಮತಮ್ಮಲ್ಲಿ ಜೋಡಿ ಮಾಡಿದ್ರೆ ನಾಲ್ಕರಲ್ಲಿ ಒಂದು ನೀಲಿ. ಪಿಯುಸಿಯಲ್ಲಿ ನಾವು ಬಟಾಣಿ ಹೆಸರಲ್ಲಿ ಬಾಯಿಪಾಠ ಹೊಡೆದಿದ್ದನ್ನ ಅವರು ನೋಟ್‌ಬುಕ್ ಇಟ್ಟು ಬೆಳೆಸಿ ನೋಡಿದವರು.

ನನಗೆ ತುಂಬಾ ಇಷ್ಟವಾದದ್ದು ಅವರ ಸ್ಪರ್ಧೆಯ ವ್ಯವಸ್ಥೆ. ಮರಿಗೆ ಐದರಿಂದ ಹತ್ತು ದಿನ ಆಗಿರುವಾಗ ಕಾಲಿಗೆ ಜಾಯಿಂಟ್ ಇಲ್ಲದ ಒಂದು ಉಂಗುರ ಹಾಕ್ತಾರೆ. ಆಗ ಬೆರಳುಗಳನ್ನ ಒತ್ತಿ ಹಿಡಿದು ತೂರಿಸಬಹುದು, ಪಾದ ಬೆಳೆದ ಮೇಲೆ ಹಾಕೋಕೂ ಆಗಲ್ಲ, ತೆಗೆಯೋಕೂ ಆಗಲ್ಲ. ಅದರ ಮೇಲೆ ಸಾಕಿದವರ ಕೋಡ್, ಹಕ್ಕಿಯ ನಂಬರ್, ಹುಟ್ಟಿದ ವರ್ಷ. ಬೇರೆಯವರ ಹಕ್ಕಿ ಕೊಂಡು ‘ನಾನೇ ಬೆಳೆಸಿದ್ದು’ ಅನ್ನೋ ಹಾಗಿಲ್ಲ, ವಯಸ್ಸು ಮುಚ್ಚಿಡೋ ಹಾಗೂ ಇಲ್ಲ. ಪ್ರದರ್ಶನದ ಪಂಜರವೂ ಎಲ್ಲರದ್ದೂ ಒಂದೇ ಅಳತೆ, ಹೊರಗೆ ಕಪ್ಪು, ಒಳಗೆ ಬಿಳಿ. ಮಾಲೀಕನ ಹೆಸರಿಲ್ಲ, ನಂಬರ್ ಮಾತ್ರ. ಗುರುತು ಸಿಗುವಂಥ ಒಂದು ಗೀಟು ಇದ್ರೂ ಹಕ್ಕಿ ಸ್ಪರ್ಧೆಯಿಂದ ಔಟ್. ಹೊಸಬರಿಗೆ ಬೇರೆ ವಿಭಾಗ, ಪಳಗಿದವರಿಗೆ ಬೇರೆ. ಮೌಲ್ಯಮಾಪನ ಅಂದ್ರೆ ಹೀಗಿರಬೇಕು ಅನ್ಸುತ್ತೆ ಅಲ್ವಾ?

ಇಷ್ಟು ನ್ಯಾಯವಾದ ವ್ಯವಸ್ಥೆಯಿಂದ ಎಂಥ ಹಕ್ಕಿ ಬಂತು ಅನ್ನೋದು ನನ್ನ ತಕರಾರು.

ತೀರ್ಪುಗಾರ ಹಕ್ಕಿಯನ್ನ ಹೋಲಿಸಿ ನೋಡೋದು ಒಂದು ಚಿತ್ರದ ಜೊತೆ. ‘ಆದರ್ಶ ಬಡ್ಜರಿಗರ್’ ಹೀಗಿರಬೇಕು ಅಂತ ಬರೆಸಿಟ್ಟ ಚಿತ್ರ. ಇಷ್ಟು ಉದ್ದ, ಇಂಥ ನಿಲುವು, ಅಗಲವಾದ ದೊಡ್ಡ ತಲೆ, ಕತ್ತಿನ ಕೆಳಗೆ ದುಂಡನೆಯ ಆರು ಕಪ್ಪು ಚುಕ್ಕಿ. (ಆರಕ್ಕಿಂತ ಹೆಚ್ಚಿದ್ರೆ ಚಿಮಟ ಹಿಡಿದು ಹೆಚ್ಚಿನ ಚುಕ್ಕಿ ಗರಿಗಳನ್ನ ಕೀಳ್ತಾರೆ. ಇದು ಮೋಸ ಅಲ್ಲ, ತಯಾರಿ.) ಹಿಂದೆ ಇದ್ದ ಆದರ್ಶ ಉದ್ದ 216 ಮಿಲಿಮೀಟರ್. ಕಾಡಿನ ಬಡ್ಜಿ ಸುಮಾರು 180 ಮಿಲಿಮೀಟರ್, ತೂಕ 30 ಗ್ರಾಂ ಆಸುಪಾಸು. ಪ್ರದರ್ಶನದ ಬಡ್ಜಿ ಅದರ ಹತ್ತಿರ ಹತ್ತಿರ ಎರಡರಷ್ಟು ತೂಗುತ್ತೆ. ಅಕ್ಕಪಕ್ಕ ಇಟ್ಟರೆ ಅಣ್ಣತಮ್ಮ ಅಂತ ಹೇಳೋಕೂ ಆಗಲ್ಲ.

ದೊಡ್ಡ ತಲೆ ಬೇಕು ಅಂದಾಗ ಸುಲಭದ ದಾರಿ ತಲೆಬುರುಡೆ ದೊಡ್ಡದು ಮಾಡೋದಲ್ಲ, ಗರಿ ಉದ್ದ ಮಾಡೋದು. ವರ್ಷ ವರ್ಷ ಉದ್ದ ಗರಿಯ ಹಕ್ಕಿಗಳನ್ನೇ ಆರಿಸಿ, ಒಳಸಂಬಂಧದಲ್ಲೇ ಜೋಡಿ ಮಾಡಿ, ಕೊನೆಗೆ ಹುಬ್ಬಿನ ಗರಿ ಇಳಿಬಿದ್ದು ಕಣ್ಣನ್ನೇ ಮುಚ್ಚುವಂಥ ಚಾಂಪಿಯನ್‌ಗಳು ಬಂದವು. ಫೋಟೋದಲ್ಲಿ ಗತ್ತಾಗಿ ಕಾಣುತ್ತೆ, ನಿಜ. ಆದರೆ ಹಕ್ಕಿಗೆ ಎದುರಿನದು ಸರಿಯಾಗಿ ಕಾಣಲ್ಲ. ಹಿಂಭಾಗದ ಗರಿಯೂ ದಟ್ಟವಾಗಿ ಬೆಳೆದು ಕೂಡುವುದಕ್ಕೆ ಅಡ್ಡ ಬರುತ್ತೆ ಅಂತ ಸಾಕುವವರೇ ಕತ್ತರಿ ಹಿಡೀತಾರೆ. ಮೊಟ್ಟೆ ಬರಡಾಗೋದು ಇವರ ನಿತ್ಯದ ಗೋಳು. ಒಳ್ಳೆ ತಾಯಿಯಾಗದ ಹೆಣ್ಣಿನ ಮೊಟ್ಟೆಗಳನ್ನ ಬೇರೆ ಹಕ್ಕಿಯ ಕೆಳಗಿಟ್ಟು ಮರಿ ಮಾಡಿಸ್ತಾರೆ. ಅಂದ್ರೆ ಮರಿ ಸಾಕೋಕೆ ಬಾರದ ಗುಣವೂ ಮುಂದಿನ ಪೀಳಿಗೆಗೆ ಪಾಸ್! ಇದೇ ತಳಿಗಳಲ್ಲಿ ಕೆಲವೊಮ್ಮೆ ‘ಫೆದರ್ ಡಸ್ಟರ್’ ಅನ್ನೋ ಮರಿ ಹುಟ್ಟುತ್ತೆ. ಅದರ ಗರಿ ಬೆಳೆಯೋದು ನಿಲ್ಲೋದೇ ಇಲ್ಲ. ಹಾರೋಕಾಗಲ್ಲ, ಹೆಚ್ಚಿನವು ಬೇಗ ಸಾಯುತ್ತವೆ.

ಇದಕ್ಕೆ ಕೊಡುವ ಉತ್ತರಗಳು ನನಗೆ ಗೊತ್ತು. ಆಸ್ಟ್ರೇಲಿಯಾದ ಬರಗಾಲದಲ್ಲಿ ನೀರಿಲ್ಲದೆ ಸಾಯೋ ಹಕ್ಕಿಗಿಂತ ನಮ್ಮ ಶೆಡ್‌ನ ಹಕ್ಕಿ ಸುಖಿ ಅಂತಾರೆ. ಇರಬಹುದು. ಆದರೆ ಬರ ತಂದದ್ದು ಯಾರೂ ಅಲ್ಲ, ಈ ಹುಬ್ಬನ್ನ ಕೂತು ಡಿಸೈನ್ ಮಾಡಿದ್ದು ಮನುಷ್ಯ. ಇನ್ನು ಕೆಲವರು, ನಾಯಿ ಪ್ರದರ್ಶನದಲ್ಲಿ ಉಸಿರಾಡೋಕೆ ಒದ್ದಾಡುವ ಪಗ್ ಇಲ್ವಾ ಅಂತಾರೆ. ಪಗ್ ಕಷ್ಟಪಡುತ್ತೆ ಅನ್ನೋದು ಬಡ್ಜಿಗೆ ಸಮಾಧಾನದ ಮಾತಲ್ಲ. ಇನ್ನೊಂದು ಕಡೆ, ಪಂಜರದ ಹಕ್ಕಿಯೇ ಬೇಡ, ಹವ್ಯಾಸವನ್ನೇ ನಿಲ್ಲಿಸಿ ಅನ್ನುವವರೂ ಇದ್ದಾರೆ. ಅವರ ಮಾತಲ್ಲಿ ಹುರುಳಿದೆ, ಆದರೂ ನಾನು ಆ ಕಡೆ ಇಲ್ಲ. ಅರವತ್ತು ವರ್ಷ ದಿನಾ ಬೆಳಗ್ಗೆ ಎದ್ದು ಕಾಳು ಹಾಕಿ, ನೀರು ಬದಲಾಯಿಸಿ, ಯಾವ ಮರಿ ಯಾವ ಜೋಡಿಯದು ಅಂತ ಬರೆದಿಟ್ಟವರಿಗೆ ಹಕ್ಕಿಯ ಮೇಲೆ ಪ್ರೀತಿಯಿಲ್ಲ ಅಂತ ಹೇಳೋಕೆ ನನಗೆ ಬಾಯಿ ಬರಲ್ಲ. ಅವರಲ್ಲಿ ಯಾರೂ ಕುರುಡು ಹಕ್ಕಿ ಬೇಕು ಅಂತ ಹೊರಟಿರಲಿಲ್ಲ. ಚಿತ್ರದಲ್ಲಿ ದೊಡ್ಡ ತಲೆಗೆ ಜಾಗ ಇತ್ತು, ಹಾರಾಟಕ್ಕೆ ಇರಲಿಲ್ಲ. ಪಂಜರದಲ್ಲಿ ಕೂತ ಹಕ್ಕಿ ಎಷ್ಟು ದೂರ ಹಾರುತ್ತೆ, ಎಷ್ಟು ಮರಿ ಸಾಕಿದೆ, ಎಷ್ಟು ವರ್ಷ ಬದುಕುತ್ತೆ ಅನ್ನೋದನ್ನ ತೀರ್ಪುಗಾರ ನಿಂತು ನೋಡೋ ಎರಡು ನಿಮಿಷದಲ್ಲಿ ಅಳೆಯೋಕಾಗಲ್ಲ. ಅಳೆಯೋಕಾಗದ್ದು ಪಟ್ಟಿಗೆ ಸೇರಲಿಲ್ಲ, ಪಟ್ಟಿಗೆ ಸೇರದ್ದನ್ನ ಯಾರೂ ಬೆಳೆಸಲಿಲ್ಲ. ಯಾರೂ ಕೆಟ್ಟವರಲ್ಲದೆ ಕೆಟ್ಟದ್ದು ಆಗಿಹೋಯ್ತು. ಸಿಜಿಪಿಎ ಬಗ್ಗೆ ಹಾಸ್ಟೆಲ್‌ನಲ್ಲಿ ರಾತ್ರಿ ಎರಡು ಗಂಟೆವರೆಗೆ ಚರ್ಚೆ ಮಾಡುವ ನಮಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ.

ಹಾಗಾದ್ರೆ ಏನು ಮಾಡಬೇಕು? ತೀರ್ಪುಗಾರರಿಗೆ ಉಪದೇಶ ಮಾಡೋದ್ರಿಂದ ಏನೂ ಆಗಲ್ಲ. ‘ಆರೋಗ್ಯಕ್ಕೂ ಗಮನ ಕೊಡಿ’ ಅಂತ ನಿಯಮದಲ್ಲಿ ಒಂದು ಸಾಲು ಸೇರಿಸೋದು ನಮ್ಮ ಲ್ಯಾಬ್ ಮ್ಯಾನುಯಲ್‌ನ ‘ಮುನ್ನೆಚ್ಚರಿಕೆಗಳು’ ಇದ್ದ ಹಾಗೆ, ಯಾರೂ ಓದಲ್ಲ. ಎರಡು ಬದಲಾವಣೆ ಸಾಕು ಅನ್ಸುತ್ತೆ. ಒಂದು, ಎರಡೂ ಕಣ್ಣು ಪೂರ್ತಿ ಕಾಣದ ಹಕ್ಕಿ ನೇರವಾಗಿ ಔಟ್, ಪಂಜರದ ಮೇಲೆ ಗೀಟು ಇದ್ದವನು ಔಟ್ ಆಗೋ ಹಾಗೆ. ಎರಡನೆಯದಕ್ಕೆ ಹೊಸ ಸಾಮಾನು ಕೂಡ ಬೇಕಾಗಿಲ್ಲ. ಕಾಲಲ್ಲಿ ಉಂಗುರ ಇದೆ, ಉಂಗುರದ ಮೇಲೆ ಹುಟ್ಟಿದ ವರ್ಷ ಇದೆ. ಆರು ವರ್ಷ ದಾಟಿದ ಹಕ್ಕಿಗಳಿಗೇ ಅಂತ ಒಂದು ವಿಭಾಗ ಮಾಡಿ, ಪ್ರದರ್ಶನದ ಅತಿ ದೊಡ್ಡ ಬಹುಮಾನವನ್ನ ಅದಕ್ಕಿಡಿ. ಆಗ ಶೆಡ್‌ಗಳಲ್ಲಿ ಜನ ಯಾವ ಜೋಡಿ ಹಾಕ್ತಾರೆ ಅಂತ ನೋಡೋಣ.