ನಾಲ್ಕಾಗಿ ಮಡಚಿದ ವರದಿ
ಕಳೆದ ವಾರ ಪಕ್ಕದ ಮನೆಯ ಅಕ್ಕ ಒಂದು ವರದಿ ಹಿಡಿದು ಬಂದರು. ನಾಲ್ಕಾಗಿ ಮಡಚಿದ ಹಾಳೆ ಅಂಗೈ ಬೆವರಿಗೆ ಮೆತ್ತಗಾಗಿತ್ತು. ‘ಎಚ್‌ಪಿವಿ ಪಾಸಿಟಿವ್ ಅಂತ ಬಂದಿದೆ ಕಣಮ್ಮಾ, ಮನೇಲಿ ಇನ್ನೂ ಹೇಳಿಲ್ಲ’ ಎಂದರು. ಮೂರು ದಿನ ನಿದ್ದೆ ಮಾಡಿರಲಿಲ್ಲ. ಪಾಸಿಟಿವ್ ಎಂದರೆ ಕ್ಯಾನ್ಸರ್ ಬಂದಿದೆ ಎಂದಲ್ಲ. ಗರ್ಭಕಂಠದಲ್ಲಿ ಎಚ್‌ಪಿವಿ ಎಂಬ ವೈರಸ್ ಇದೆ ಎಂದಷ್ಟೇ. ಹೆಚ್ಚಿನವರಲ್ಲಿ ಅದು ಒಂದೆರಡು ವರ್ಷದಲ್ಲಿ ತಾನಾಗಿಯೇ ಹೋಗುತ್ತದೆ. ಹೋಗದೆ ಬೇರೂರಿದರೆ, ಅದರಲ್ಲೂ 16 ಅಥವಾ 18ನೇ ಬಗೆಯದಾದರೆ, ಜೀವಕೋಶಗಳು ಮೆಲ್ಲಗೆ ಕೆಡತೊಡಗುತ್ತವೆ. ಅದು ಕ್ಯಾನ್ಸರ್ ಆಗುವಷ್ಟರಲ್ಲಿ ಸಾಮಾನ್ಯವಾಗಿ ಹತ್ತು ವರ್ಷಕ್ಕೂ ಹೆಚ್ಚು ಕಾಲ ಸರಿದಿರುತ್ತದೆ. ತಡೆಯಲು ನಮಗೆ ಸಿಗುವ ಸಮಯವೂ ಅದೇ. ಬೀದರ್, ಕಲಬುರಗಿಯ ಗಡಿಗೆ ತಾಗಿದ ಉಸ್ಮಾನಾಬಾದ್ ಜಿಲ್ಲೆಯಲ್ಲಿ, ಈಗಿನ ಧಾರಾಶಿವದಲ್ಲಿ, 30ರಿಂದ 59 ವರ್ಷದ 1.3 ಲಕ್ಷ ಹಳ್ಳಿ ಹೆಂಗಸರನ್ನು ಸೇರಿಸಿ ನಡೆಸಿದ ಅಧ್ಯಯನ 2009ರಲ್ಲಿ ಪ್ರಕಟವಾಯಿತು. ಬರೀ ಒಂದು ಸಲ ಎಚ್‌ಪಿವಿ ಪರೀಕ್ಷೆ ನಡೆದ ಹಳ್ಳಿಗಳಲ್ಲಿ, ಮಾಮೂಲಿ ಆರೈಕೆಯಷ್ಟೇ ಇದ್ದ ಹಳ್ಳಿಗಳಿಗಿಂತ, ಎಂಟು ವರ್ಷಗಳಲ್ಲಿ ಗರ್ಭಕಂಠದ ಕ್ಯಾನ್ಸರಿನ ಸಾವು ಹೆಚ್ಚುಕಡಿಮೆ ಅರ್ಧದಷ್ಟಿತ್ತು. ನೆಗೆಟಿವ್ ಬಂದವರಲ್ಲಿ ಒಬ್ಬರೂ ಇದರಿಂದ ಸತ್ತಿರಲಿಲ್ಲ. ಬಿಸಿಲಲ್ಲಿ ದುಡಿಯುವ ಆ ಹೆಂಗಸರಿಂದ ಜಗತ್ತೇ ಬೆಲೆ ಅರಿತ ಈ ಪರೀಕ್ಷೆ, ನಮ್ಮ ಹಳ್ಳಿಗಳ ಆರೋಗ್ಯ ಕೇಂದ್ರಗಳಲ್ಲಿ ಸುಲಭವಾಗಿ ಸಿಗದಿರುವುದು ನನಗೆ ಸಂಕಟದ ಸಂಗತಿ. ಪರೀಕ್ಷೆಗೆ ಬೇಕಾದ ಮಾದರಿಯನ್ನು ಹೆಣ್ಣು ತಾನೇ ತೆಗೆದುಕೊಡಬಹುದು. ಸಣ್ಣ ಬ್ರಶ್ಶು, ಮರೆಯಾದ ಒಂದು ಕೋಣೆ ಸಾಕು. ಅಕ್ಕನಿಗೆ ಸೋಮವಾರ ಕಾಲ್ಪೊಸ್ಕೋಪಿ ಇದೆ. ಗರ್ಭಕಂಠವನ್ನು ದೊಡ್ಡದಾಗಿ ತೋರುವ ದುರ್ಬೀನಿನಲ್ಲಿ ವೈದ್ಯರು ನೋಡುತ್ತಾರೆ. ನಾನೂ ಜೊತೆಗೆ ಹೋಗುತ್ತಿದ್ದೇನೆ.